ಗಂಡುಮಕ್ಕಳ ಶಾಲೆ, ಕನ್ಯಾ ಶಾಲೆ ಒಂದಾದರೆ ಟೀಚರ್ ಕಡಿಮೆ ಆಗ್ತಾರಾ?

ಪ್ರಶ್ನೆ (ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿ ಸದಸ್ಯೆ, ಶಹಾಪುರ ತಾಲ್ಲೂಕು): ನಮಸ್ಕಾರ ಸರ್. ನಮ್ಮ ಊರಲ್ಲಿ ಒಂದರಿಂದ ಐದನೇ ಕ್ಲಾಸಿನ ಎರಡು ಸರ್ಕಾರಿ ಶಾಲೆ ಇವೆ. ಗಂಡುಮಕ್ಕಳ ಶಾಲೆಯಲ್ಲಿ 48 ಮಕ್ಕಳು, ಕನ್ಯಾ ಶಾಲೆಯಲ್ಲಿ 57. ಎರಡರಲ್ಲೂ ಇಬ್ಬಿಬ್ಬರೇ ಟೀಚರ್. ಸೇರಿಸಿಬಿಡೋಣ ಅಂತ ಮಾತು ನಡೆದಿದೆ. ಇಬ್ಬರು ಟೀಚರ್ ಹೋಗ್ತಾರೆ ಅಂತ ಕೆಲವರು, ಹುಡುಗಿಯರನ್ನು ಬಿಡಿಸ್ತೀವಿ ಅಂತ ಕೆಲವರು. ಏನು ಮಾಡೋಣ?

ಉತ್ತರ (ನಿವೃತ್ತ ಮುಖ್ಯಗುರು): ನಮಸ್ಕಾರ ತಾಯಿ. ಮೊದಲು ಟೀಚರ್ ಲೆಕ್ಕ. 2009ರ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಒಂದರಿಂದ ಐದಕ್ಕೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ನಿಮ್ಮದು ಸೇರಿದರೆ 105. ನಾಲ್ವರೂ ಉಳಿಯಬೇಕು. ಈಗ ಒಬ್ಬರು ನಲಿ-ಕಲಿ, ಅಂದರೆ ಒಂದರಿಂದ ಮೂರರ ಮಕ್ಕಳನ್ನು ಒಟ್ಟಿಗೆ ಕೂಡಿಸಿ ಕಲಿಸುವ ಕ್ಲಾಸು, ನೋಡಿದರೆ ಇನ್ನೊಬ್ಬರ ತಲೆಗೆ ನಾಲ್ಕು, ಐದು ಎರಡೂ ಬೀಳುತ್ತವೆ. ಅವರು ಮೀಟಿಂಗಿಗೆ ಹೋದ ದಿನ ಪಾಠ ಮುಗೀತು ಅನ್ನಿ. ನಾಲ್ವರು ಒಂದೇ ಕಡೆ ಇದ್ದರೆ ಆ ಪಾಡು ಇಲ್ಲ.

ಶಾಲಾ ಅನುದಾನವೂ ಸದ್ಯಕ್ಕೆ ಕಡಿಮೆ ಆಗಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 100 ಮಕ್ಕಳವರೆಗಿನ ಇಂಥ ಶಾಲೆಗೆ ವರ್ಷಕ್ಕೆ 25 ಸಾವಿರ, ಅದು ದಾಟಿದರೆ 50 ಸಾವಿರ. ಈಗ ಎರಡೂ ಶಾಲೆಗೆ ಸೇರಿ 50, ಒಂದಾದರೂ 50. ಆದರೆ ಐದು ಮಕ್ಕಳು ಅಪ್ಪ-ಅಮ್ಮನ ಜೊತೆ ಗುಳೆ ಹೋಗಿ ಹೆಸರು ಬಿಟ್ಟುಹೋದರೆ ಮತ್ತೆ 25ಕ್ಕೇ ಬಂತು. ಹಾಜರಿ ಪುಸ್ತಕ ಹುಷಾರು!

ಪ್ರಶ್ನೆ (ಅಡುಗೆ ಸಿಬ್ಬಂದಿ): ಸರ್, ಎರಡೂ ಶಾಲೆಯಲ್ಲಿ ಇಬ್ಬಿಬ್ಬರು ಬಿಸಿಯೂಟ ಮಾಡ್ತೀವಿ. ನಮ್ಮ ಕಥೆ?

ಉತ್ತರ: ಸುಳ್ಳು ಹೇಳಲ್ಲಮ್ಮ. 26ರಿಂದ 100 ಮಕ್ಕಳಿಗೆ ಇಬ್ಬರು, ಅದರ ಮೇಲೆ ಪ್ರತಿ ನೂರು ಮಕ್ಕಳವರೆಗೆ ಇನ್ನೊಬ್ಬರು. 105ಕ್ಕೆ ಮೂವರು. ಅಂದರೆ ಒಬ್ಬರ ಕೆಲಸಕ್ಕೆ ಕುತ್ತು. ಇದನ್ನು ಯಾರೂ ಮೀಟಿಂಗಿನಲ್ಲಿ ಎತ್ತುವುದಿಲ್ಲ, ನೀವೇ ಎತ್ತಿ. ಹತ್ತಿರದ ಶಾಲೆಯಲ್ಲಿ ಜಾಗ ಕೊಡಿ ಅಂತ ಠರಾವಿನಲ್ಲೇ ಬರೆಸಿ.

ಪ್ರಶ್ನೆ (ಒಬ್ಬ ತಾಯಿ): ನನ್ನ ಮಗಳು ಐದನೇ ಕ್ಲಾಸು. ಹುಡುಗರ ಜೊತೆ ಕೂಡಿಸಬೇಡ ಅಂತ ನಮ್ಮತ್ತೆ ಹಟ.

ಉತ್ತರ: ಅಂಗನವಾಡಿಯಲ್ಲಿ ಇದೇ ಹುಡುಗರ ಜೊತೆ ಉಂಡು ಮಲಗಿದವಳು ಅಲ್ವಾ? ಆದರೂ ಅತ್ತೆಯವರ ಭಯ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾನಿದ್ದ ಒಂದು ಶಾಲೆಯಲ್ಲಿ ಹೀಗೇ ಸೇರಿಸಿದರು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಬೆಳಿಗ್ಗೆ ತಂದ ನೀರಿನ ಬಾಟಲಿ ತುಂಬಿದ ಹಾಗೇ ಸಂಜೆ ಮನೆಗೆ ಹೋಗುತ್ತಿತ್ತು. ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ. ಅಡುಗೆಯಮ್ಮ ಹೇಳಿದ ಮೇಲೆ ಗೊತ್ತಾಯಿತು. ನಾಚಿಕೆಯಾಯಿತು. ನೂರು ರೂಪಾಯಿಯೊಳಗಿನ ಚಿಲಕ!

ಹಾಗಾಗಿ ಶೌಚಾಲಯ, ಚಿಲಕ, ನೀರು ಮೊದಲು. ಸೇರಿಸುವುದು ಆಮೇಲೆ. ಆರ್‌ಟಿಇಯಲ್ಲೇ ಗಂಡು-ಹೆಣ್ಣಿಗೆ ಬೇರೆ ಶೌಚಾಲಯ ಇರಬೇಕು ಅಂತಿದೆ. ಸಮಿತಿಯಲ್ಲಿ ಅರ್ಧ ಜನ ಹೆಂಗಸರು ಇರಬೇಕು ಅಂತಲೂ ಇದೆ. ಆ ಅರ್ಧ ಜನ ಬಂದು ಬಾಗಿಲು ಹಾಕಿ, ತೆಗೆದು ನೋಡಿ ಆಮೇಲೆ ಸಹಿ ಮಾಡಲಿ.

ಪ್ರಶ್ನೆ (ಸದಸ್ಯೆ): ಯಾವ ಕಟ್ಟಡ ಇಟ್ಟುಕೊಳ್ಳೋದು ಸರ್? ಗಂಡುಮಕ್ಕಳದ್ದು ದೊಡ್ಡದು, ಆದರೆ ಮೇನ್ ರೋಡ್ ಆಚೆ.

ಉತ್ತರ: ಒಂದನೇ ಕ್ಲಾಸಿನ ಮಗುವಿನ ಕೈ ಹಿಡಿದು ಹತ್ತಿ ಲಾರಿ ಓಡಾಡುವ ಹೊತ್ತಿಗೆ ಒಮ್ಮೆ ಆ ರೋಡ್ ದಾಟಿ ಬನ್ನಿ ತಾಯಿ. ಆಮೇಲೆ ಮೀಟಿಂಗ್ ಕರೆಯಿರಿ.