ಅಪ್‌ಡೇಟ್: ನಾಲ್ಕು ಜನರ ವಿಡಿಯೋ ಸಂದರ್ಶನ, ಚೌಕಗಳು ನಿಂತವು

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮೂವರು ಕಾಫಿ ಬೆಳೆಗಾರರನ್ನು (ನಾನೂ ಸೇರಿ ನಾಲ್ವರು) ಜೂಮ್‌ನಲ್ಲಿ ಮಾತಾಡಿಸುವಾಗ ಒಬ್ಬೊಬ್ಬರ ಮುಖ ಕಾಣುವ ಚೌಕಗಳು ಜಾಗ ಬದಲಿಸುತ್ತವೆ, ಏನು ಮಾಡಲಿ ಅಂತ ಕೇಳಿದ್ದೆ. ಸರಿಹೋಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಎಲ್ಲರೂ ಒಟ್ಟಿಗೆ ಕಾಣುವ ಗ್ಯಾಲರಿ ವ್ಯೂನಲ್ಲಿ ಚೌಕಗಳನ್ನು ಮೌಸ್‌ನಿಂದ ಎಳೆದು ಬೇಕಾದ ಕಡೆ ಕೂರಿಸಿದೆ. ಆಮೇಲೆ ಜೂಮ್ ವಿಂಡೋವನ್ನು ಓಬಿಎಸ್‌ಗೆ (ವಿಡಿಯೋ ಜೋಡಿಸಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ನಾಲ್ಕು ಸಲ ತಂದು, ಆಲ್ಟ್ ಒತ್ತಿ ಅಂಚು ಎಳೆದು ಒಬ್ಬೊಬ್ಬರನ್ನೇ ಕತ್ತರಿಸಿಕೊಂಡೆ. ಕ್ಯಾನ್ವಾಸ್, ಅಂದರೆ ಇಡೀ ಚಿತ್ರದ ಅಳತೆ, 1920x1080 ಪಿಕ್ಸೆಲ್ ಇದ್ದರೆ ತಲಾ 960x540, ಲೆಕ್ಕ ಸರಿಯಾಗಿ ಕೂರುತ್ತದೆ. ಕೆಳಗೆ ಕನ್ನಡದಲ್ಲೇ ಹೆಸರು, ಊರು ಹಾಕಿದೆ. ಹಿರಿಯರ ಹೆಸರಿನ ಬದಲು ಮಗನ ಫೋನಿನ ಹೆಸರು ಕಾಣುವುದು ನನಗೆ ಇಷ್ಟವಿಲ್ಲ.

ನಿಜವಾದ ಕಷ್ಟ ನೆಟ್‌ವರ್ಕ್. ಮಳೆ ಬಂತು ಅಂದರೆ ಮಲೆನಾಡಿನಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ವೈಫೈ. ಒಬ್ಬರು ಕಾಲ್‌ನಿಂದ ಹೊರಬಿದ್ದರೆ ಉಳಿದವರು ಸರಿದುಬಿಡುತ್ತಾರೆ, ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಮುಖ ಬರುತ್ತದೆ. ಅದಕ್ಕೇ ಸಿಗ್ನಲ್ ಕಡಿಮೆ ಇರುವ ಕೊಪ್ಪದವರನ್ನು ಕೊನೆಯ ಚೌಕದಲ್ಲಿ ಕೂರಿಸಿದೆ. ಅವರು ಹೋದರೂ ಮೇಲಿನ ಇಬ್ಬರು ಅಲುಗಾಡುವುದಿಲ್ಲ, ಮೂರನೆಯವರು ಮಾತ್ರ ನಡುವೆ ಬರುತ್ತಾರೆ. ಉಳಿದ ಮೂವರಿಗೆಂದೇ ಓಬಿಎಸ್‌ನಲ್ಲಿ ಇನ್ನೊಂದು ಸೀನ್ (ಚೌಕಗಳ ಬೇರೆ ಜೋಡಣೆ) ಮಾಡಿ, ಒಂದೇ ಕೀ ಒತ್ತಿ ಅದಕ್ಕೆ ಬದಲಾಗುವಂತೆ ಹಾಟ್‌ಕೀ ಕೊಟ್ಟಿದ್ದೇನೆ. ಕೊಪ್ಪದವರು ವಾಪಸ್ ಬಂದಾಗ ಸಿಗುವುದೂ ಕೊನೆಯ ಜಾಗವೇ, ಸುಮ್ನೆ ಹಳೇ ಸೀನ್‌ಗೆ ಮರಳಿದರೆ ಆಯಿತು.

ಇನ್ನೊಂದು ಮಾತು: ಜೂಮ್‌ನ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಪ್ರತಿಯೊಬ್ಬರ ಆಡಿಯೋ ಬೇರೆ ಫೈಲ್ ಆಗುವಂತೆ ಮಾಡಿಕೊಳ್ಳಿ. ಸಕಲೇಶಪುರದವರ ಹೆಂಚಿನ ಮೇಲೆ ಸುರಿದ ಮಳೆಯ ಸದ್ದನ್ನು ಅವರ ಫೈಲ್‌ನಲ್ಲಿ ಮಾತ್ರ ತಗ್ಗಿಸಲು ಆಗಿದ್ದು ಅದರಿಂದಲೇ.