ಕೋಡ್ ಎಡಿಟಿಂಗ್ ಬೇಗ ಆಗೂಕೆ ಶಾರ್ಟ್‌ಕಟ್ ಕಲೀಬೇಕಾ, ಸ್ಕ್ರಿಪ್ಟ್ ಬರೀಬೇಕಾ?

ಶಿರಸಿ_ಕೋಡು:
ನಮಸ್ಕಾರ. ಇಲ್ಲೊಬ್ಬರು ಅಡಕೆ ವ್ಯಾಪಾರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತಾ ಇದೀನಿ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಹೇಳಿ ಒಂದೊಂದು ಬಗೆ ಅಡಕೆಗೂ ದರ, ತೂಕ, ಮೊತ್ತ, ಅದೇ ಸಾಲು ಕಾಪಿ ಮಾಡೂದು ಹೆಸರು ತಿದ್ದೂದು ಇದೇ ಆಗಿಬಿಟ್ಟದೆ. ಮೇಲಿಂದ ಈಗ ಇಂಗ್ಲಿಷ್ ಬಿಲ್ಲೂ ಬೇಕಂತೆ, ಅಂದ್ರೆ ಎಲ್ಲ ಫೈಲಲ್ಲೂ ಇರೋ ಕನ್ನಡ ಲೇಬಲ್‌ನ ಒಂದು ಟ್ರಾನ್ಸ್‌ಲೇಟ್ ಫಂಕ್ಷನ್ ಒಳಗೆ ಹಾಕ್ಬೇಕು. ಕೋಡ್ ಬರೆಯೂಕೆ ವಿಎಸ್ ಕೋಡ್ ಎಡಿಟರ್ ಬಳಸ್ತೇನೆ, ಮೌಸ್ ಇಲ್ಲ, ಟಚ್‌ಪ್ಯಾಡಲ್ಲೇ ಉಜ್ಜೂದು. ಕೀಬೋರ್ಡಲ್ಲೇ ಎಲ್ಲ ಮಾಡೋ ವಿಮ್ ಎಡಿಟರ್ ಕಲಿ ಅಂತಾನೆ ಗೆಳೆಯ. ಎಂತ ಮಾಡ್ಲಿ?

ಕಾಳಿ_ತೀರ:
ವಿಮ್ ಆಮೇಲೆ ನೋಡುವಾ ಮಾರಾಯ್ರೆ. ಪದದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್+ಡಿ ಒತ್ತುತ್ತಾ ಹೋಗಿ, ಅದೇ ಪದ ಮುಂದೆಲ್ಲಿದ್ರೂ ಒಂದೊಂದಾಗಿ ಸೆಲೆಕ್ಟ್ ಆಗ್ತದೆ, ಒಂದೇ ಸಲ ಟೈಪ್ ಮಾಡಿದ್ರೆ ಎಲ್ಲಾ ಕಡೆ ಬದಲು. ಜಾಸ್ತಿ ಒತ್ತಿಬಿಟ್ರೆ ಕಂಟ್ರೋಲ್+ಯು ಒಂದು ಹೆಜ್ಜೆ ಹಿಂದೆ ತರ್ತದೆ. ಆದ್ರೆ ವೇರಿಯಬಲ್ ಹೆಸರಿಗೆ ಇದು ಬೇಡ, ಎಫ್2 ಒತ್ತಿ, ಬೇರೆ ಫಂಕ್ಷನ್ನಲ್ಲಿ ಅದೇ ಹೆಸರಿದ್ರೆ ಅದನ್ನ ಮುಟ್ಟೂದಿಲ್ಲ. ಸಾಲು ಮೇಲೆ ಕೆಳಗೆ ಸರಿಸೂಕೆ ಆಲ್ಟ್ ಜೊತೆ ಬಾಣದ ಕೀ. ಸದ್ಯ ಇಷ್ಟು ಸಾಕು, ನೂರು ಶಾರ್ಟ್‌ಕಟ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸೂದೆಲ್ಲ ದಂಡ.

ಕುಮಟಾ_ವಿಮ್:
ಗೆಳೆಯ ಹೇಳಿದ್ದು ಸುಳ್ಳೇನಲ್ಲ. ವಿಮಲ್ಲಿ ಕ್ಯೂ ಎ ಒತ್ತಿ ಒಂದು ಸಾಲು ತಿದ್ದಿ, ಕೆಳಗಿನ ಸಾಲಿಗೆ ಇಳಿದು, ಕ್ಯೂ ಒತ್ತಿದ್ರೆ ಮ್ಯಾಕ್ರೋ, ಅಂದ್ರೆ ಒತ್ತಿದ ಕೀಗಳ ಸರಣಿ, ರೆಕಾರ್ಡ್ ಆಯ್ತು. ಆಮೇಲೆ 40@ಎ ಅಂದ್ರೆ ನಲವತ್ತು ಸಾಲಿಗೆ ಅದೇ ಕೆಲಸ. ವಿಎಸ್ ಕೋಡಲ್ಲೇ ವಿಮ್ ಎಕ್ಸ್‌ಟೆನ್ಶನ್ ಇದೆ, ಹಾಕ್ಕೊಂಡ್ರೆ ಮೇಲಿನವರ ಕಂಟ್ರೋಲ್+ಡಿ ಮಾತ್ರ ಅರ್ಧ ಪುಟ ಕೆಳಗೆ ಹಾರ್ತದೆ 😄

ಯಲ್ಲಾಪುರ_ಘಟ್ಟ:
ಲೇಬಲ್ ಕೆಲಸಕ್ಕೆ ಇವೆರಡೂ ಅಲ್ಲ. ಮೊದ್ಲು ಗಿಟ್ ಕಮಿಟ್ ಮಾಡಿ, ತಪ್ಪಾದ್ರೆ ಹಳೇ ಕೋಡಿಗೆ ವಾಪಸ್ ಬರ್ಬಹುದು. ಆಮೇಲೆ ಕಂಟ್ರೋಲ್+ಶಿಫ್ಟ್+ಎಚ್ (ಎಲ್ಲ ಫೈಲಲ್ಲೂ ಹುಡುಕಿ ಬದಲಿಸೂದು), ರೆಜೆಕ್ಸ್ (ಅಕ್ಷರದ ಮಾದರಿ ಕೊಟ್ಟು ಹುಡುಕೂದು) ಬಟನ್ ಆನ್ ಮಾಡಿ ಹುಡುಕೂದ್ರಲ್ಲಿ "([ಅ-ಹ][^"]*)" ಹಾಕಿ, ಕನ್ನಡ ಅಕ್ಷರದಿಂದ ಶುರುವಾಗೋ ಕೋಟ್ ಮಾತ್ರ ಸಿಗ್ತದೆ, ಬಾಕಿ ಕೋಡ್ ತಂಟೆಗೆ ಹೋಗೂದಿಲ್ಲ. ಬದಲಿಗೆ ನಿಮ್ಮ ಫಂಕ್ಷನ್ ಹೆಸರು, ಬ್ರಾಕೆಟ್ ಒಳಗೆ "$1", ಅಂದ್ರೆ ಸಿಕ್ಕಿದ ಲೇಬಲ್. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಹಾಕೂಕೆ ಹೋಗ್ಬೇಡಿ, ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರನ್ನೂ ಹಿಡೀತದೆ. ಎರಡನೇ ಸಲ ಓಡಿಸಬೇಡಿ ಮತ್ತೆ, ಫಂಕ್ಷನ್ ಒಳಗೆ ಫಂಕ್ಷನ್ ಕೂತ್ಕೊಳ್ತದೆ.

ಇನ್ನೊಂದು, ರಾಶಿ ಬೆಟ್ಟೆ ಸಾಲು ಕಾಪಿ ಮಾಡೂದು ಯಾಕೆ ಹೇಳಿ? ಹೆಸರೆಲ್ಲ ಒಂದು ಅರೇಲಿ (ಪಟ್ಟೀಲಿ) ಹಾಕಿ ಲೂಪ್ ತಿರುಗಿಸಿ. ನಾಳೆ ಅವರು ಹಸಿ ಅಡಕೇನೂ ಸೇರ್ಸಿ ಅಂದ್ರೆ ಒಂದು ಹೆಸರು ಸೇರಿಸಿದ್ರೆ ಆಯ್ತು.

ಶಿರಸಿ_ಕೋಡು:
ಆ ಅ-ಹ ಕೆಲಸ ಮಾಡ್ತು! ಎರಡು ಕಡೆ ಸಿಂಗಲ್ ಕೋಟ್ ಇತ್ತು, ಅದನ್ನ ಕಂಟ್ರೋಲ್+ಡೀಲಿ ಮುಗಿಸ್ದೆ. ಲೂಪ್ ಇವತ್ತು ರಾತ್ರಿ, ಕರೆಂಟ್ ಇದ್ರೆ.