ಒಂದು ನಿನ್ನದು, ಒಂದು ನನ್ನದು

ಎಲ್ಲರಿಗೂ ನಮಸ್ಕಾರ. 13 ತುಂಬಿದ ಮಗನಿಗೆ ಯಾವ ಪುಸ್ತಕ ಕೊಡಲಿ ಅಂತ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ನನ್ನ ಮಗಳಿಗೆ ಈಗ 15. ನಾವಿರುವುದು ನ್ಯೂಜೆರ್ಸಿಯಲ್ಲಿ. ಎರಡು ವರ್ಷ ಇದೇ ಪ್ರಶ್ನೆ ಹಿಡಿದು ಒದ್ದಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಅವಳಿಗೆ 13 ಆದ ವರ್ಷ ಬೆಂಗಳೂರಿಗೆ ಹೋದಾಗ ನಾನು ಓದಿ ಬೆಳೆದ ಪುಸ್ತಕಗಳನ್ನೆಲ್ಲ ಕೊಂಡು ಸೂಟ್‌ಕೇಸಿಗೆ ತುಂಬಿಸಿಕೊಂಡು ಬಂದೆ. ಒಂದನ್ನೂ ಅವಳು ಓದಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಆಮೇಲೆ ಒಂದು ದಿನ ಪಕ್ಕದಲ್ಲಿ ಕೂತು ಒಂದು ಪುಟ ಓದಿಸಿ ನೋಡಿದೆ. ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿತಿದ್ದಾಳೆ, ಸರಿ. ಆದರೆ ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತಾಳೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರು ಏನಿತ್ತು ಅನ್ನುವುದೇ ಮರೆತಿರುತ್ತದೆ. ಅದೇ ಪುಟವನ್ನು ನಾನು ಓದಿ ಹೇಳಿದರೆ ಪೂರ್ತಿ ಅರ್ಥವಾಗುತ್ತದೆ, ನಗು ಬರುವ ಕಡೆ ನಗುತ್ತಾಳೆ.

ನಮ್ಮ ಮಕ್ಕಳ ನಿಜವಾದ ಸಮಸ್ಯೆ ಇದೇ ಅಂತ ನನಗನ್ನಿಸುತ್ತದೆ. ಅವರ ಕಿವಿಗೆ 15 ವರ್ಷ, ಕಣ್ಣಿಗೆ ಇನ್ನೂ ಒಂದನೇ ಕ್ಲಾಸು. ಅಕ್ಷರ ಸುಲಭ ಅಂತ ಕಾಗಕ್ಕ ಗುಬ್ಬಕ್ಕನ ಕಥೆ ಕೊಟ್ಟರೆ ಅವರಿಗೆ ಅವಮಾನ. ವಯಸ್ಸಿಗೆ ತಕ್ಕದ್ದು ಅಂತ ಕಾದಂಬರಿ ಕೊಟ್ಟರೆ ಕಲ್ಲು ಹೊತ್ತ ಹಾಗೆ. ಅದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ.

ಆಮೇಲೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಒಂದು ಪುಸ್ತಕ ಅವಳು ಆರಿಸಬೇಕು, ಅದನ್ನು ನಾನೂ ಓದಬೇಕು. ಮುಂದಿನದು ನಾನು ಆರಿಸಬೇಕು, ಅವಳು ಬೇಡ ಅನ್ನಬಾರದು. ಮೊದಲ ಸರದಿ ಅವಳಿಗೇ ಬಿಟ್ಟೆ.

ಅವಳು ಲೈಬ್ರರಿಯಿಂದ ತಂದದ್ದು ಜೀನ್ ಲುಯೆನ್ ಯಾಂಗ್ ಅವರ ‘ಅಮೆರಿಕನ್ ಬಾರ್ನ್ ಚೈನೀಸ್’. ಚಿತ್ರಕಾದಂಬರಿ. ಕಾಮಿಕ್ಸ್ ಓದುವುದೂ ಒಂದು ಓದಾ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. 2006ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷ ಪ್ರಿಂಟ್ಜ್ ಪ್ರಶಸ್ತಿ ಸಿಕ್ಕಿದೆ. ಅಮೆರಿಕದಲ್ಲಿ ಹದಿಹರೆಯದವರ ಪುಸ್ತಕಗಳಿಗೆ ಕೊಡುವ ದೊಡ್ಡ ಗೌರವ ಅದು. ಚಿತ್ರಕಾದಂಬರಿಯೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಚೀನಾದಿಂದ ಬಂದ ಅಪ್ಪ ಅಮ್ಮನ ಮಗ ಜಿನ್ ಶಾಲೆಯಲ್ಲಿ ಊಟದ ಹೊತ್ತಿಗೆ ಮನೆಯ ತಿಂಡಿ ತೆಗೆಯುತ್ತಾನೆ, ಉಳಿದ ಹುಡುಗರು ಅದನ್ನು ನೋಡಿ ಆಡಿಕೊಳ್ಳುತ್ತಾರೆ. ಆ ಪುಟದ ಮಾತು ಬಂದಾಗ ಮಗಳು ಮೆಲ್ಲಗೆ ಹೇಳಿದಳು: “ಅಮ್ಮಾ, ಆರನೇ ಕ್ಲಾಸಲ್ಲಿ ನೀನು ಚಿತ್ರಾನ್ನ ಕಳಿಸ್ತಿದ್ದೆಯಲ್ಲ, ಅದನ್ನ ನಾನು ಡಬ್ಬಿ ಪೂರ್ತಿ ತೆಗೀದೆ ತಿಂತಿದ್ದೆ.” ಆ ವರ್ಷ ಪೂರ್ತಿ ನಾನು ದಿನಾ ಸಂಜೆ ಇವತ್ತು ಶಾಲೆ ಹೇಗಿತ್ತು ಅಂತ ಕೇಳಿದ್ದೇನೆ. ದಿನಾ ಚೆನ್ನಾಗಿತ್ತು ಅಂದಿದ್ದಾಳೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನನ್ನ ಸರದಿ. ತೇಜಸ್ವಿಯವರ ‘ಕರ್ವಾಲೊ’ ತೆಗೆದುಕೊಂಡೆ. ಅವಳ ಕೈಗೆ ಕೊಡಲಿಲ್ಲ, ನಾನೇ ಓದಿ ಹೇಳಿದೆ. ರಾತ್ರಿ ಊಟ ಆದ ಮೇಲೆ 15 ನಿಮಿಷ, ಫೋನು ಅಡುಗೆಮನೆಯಲ್ಲಿ. ಮೊದಲ ನಾಲ್ಕು ದಿನ ಆಕಳಿಸಿದಳು. ಐದನೇ ದಿನದ ಹೊತ್ತಿಗೆ ಮಂದಣ್ಣ ಅವಳನ್ನು ಹಿಡಿದುಕೊಂಡ. ಊರವರು ಕೆಲಸಕ್ಕೆ ಬಾರದವನು ಅಂದುಕೊಂಡ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಅಪರೂಪದ ನಿಸರ್ಗಜ್ಞಾನಿಯನ್ನು ಕಾಣುತ್ತಾರಲ್ಲ, ಆ ಮಾತು ಈ ವಯಸ್ಸಿನವರಿಗೆ ನೇರವಾಗಿ ತಾಗುತ್ತದೆ. ಇಲ್ಲಿ ನಮ್ಮ ಮಕ್ಕಳನ್ನು ದಿನಾ ಅಂಕದಲ್ಲೇ ಅಳೆಯುತ್ತಾರೆ, ಅಲ್ವಾ?

ಹಾರುವ ಓತಿಕ್ಯಾತ ಬಂದಾಗಲಂತೂ ಓದು ನಿಲ್ಲಿಸಿ ಹುಡುಕಲು ಓಡಿದಳು. ಹಾರುವ ಓತಿ ನಿಜವಾಗಿಯೂ ಇದೆ. ಪಶ್ಚಿಮ ಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಇವತ್ತಿಗೂ ಅದರ ಬಳಗದ ಡ್ರೇಕೊ ಎಂಬ ಓತಿ ಸಿಗುತ್ತದೆ. ಪಕ್ಕೆಲುಬುಗಳನ್ನು ಅಗಲಿಸಿ ಅದರ ಮೇಲಿನ ಚರ್ಮವನ್ನು ರೆಕ್ಕೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ವಾರದ ಕೊನೆಗೆ ಕೊಪ್ಪದ ಅಜ್ಜಿಗೆ ಫೋನಿನಲ್ಲಿ ಚಿತ್ರ ತೋರಿಸಿದಳು. “ಅಯ್ಯೋ, ಅದಾ? ನಮ್ಮ ತೋಟದಲ್ಲೇ ಇತ್ತಲ್ಲೇ. ಮರಕ್ಕೆ ಅಂಟಿಕೊಂಡರೆ ಗೊತ್ತೇ ಆಗೋದಿಲ್ಲ” ಅಂದರು ಅತ್ತೆ. ಅವತ್ತು ಅಜ್ಜಿ ಮೊಮ್ಮಗಳು 40 ನಿಮಿಷ ಮಾತಾಡಿದರು. ಅದಕ್ಕೆ ಮುಂಚೆ ಅವರ ಮಾತು ಊಟ ಆಯ್ತಾ, ಚಳಿ ಇದೆಯಾ ಎನ್ನುವಲ್ಲಿಗೇ ಮುಗಿಯುತ್ತಿತ್ತು. ಪುಸ್ತಕ ಮುಗಿಯಲು ಎರಡು ತಿಂಗಳು ಹಿಡಿಯಿತು. ಹಿಡಿಯಲಿ ಬಿಡಿ.

ಓದಿ ಹೇಳಲು ಸಮಯವಿಲ್ಲ ಅನ್ನುವವರಿಗೆ ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡದ ಕೇಳುಪುಸ್ತಕಗಳಿವೆ. ಕಾರಿನಲ್ಲಿ ಹಾಕಬಹುದು. ಆದರೂ ಅಪ್ಪ ಅಮ್ಮನ ದನಿಯಾದರೆ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬಹುದು.

ಪುಸ್ತಕ ಓದಲು ಎಷ್ಟು ಕಷ್ಟ ಅಂತ ಅಳೆಯಲು ಶಾಲೆಯವರು ಕೊಡುವ ಲೆಕ್ಸೈಲ್ ಅಂಕವನ್ನು ತುಂಬಾ ಜನ ನಂಬಿಕೊಂಡಿದ್ದೀರಿ. ಅದು ನೋಡುವುದು ವಾಕ್ಯ ಎಷ್ಟು ಉದ್ದ, ಪದ ಎಷ್ಟು ಬಳಕೆಯದು ಅನ್ನುವುದನ್ನು ಮಾತ್ರ. ಒಳಗಿನ ವಿಷಯ ಯಾವ ವಯಸ್ಸಿಗೆ ಅಂತ ಅದಕ್ಕೆ ಗೊತ್ತಿಲ್ಲ. ಸಣ್ಣ ವಾಕ್ಯ ಬರೆದ ಹೆಮಿಂಗ್ವೇಯ ಕಾದಂಬರಿಗೂ ಚಿಕ್ಕ ಮಕ್ಕಳ ಅಂಕ ಬರುತ್ತದೆ. ಅದರ ಬದಲು ಲೈಬ್ರರಿಯಲ್ಲಿ ಹದಿಹರೆಯದವರ ವಿಭಾಗ ನೋಡಿಕೊಳ್ಳುವವರನ್ನು ಕೇಳಿ. ಮಗು ಕೊನೆಗೆ ಇಷ್ಟಪಟ್ಟ ಎರಡು ಪುಸ್ತಕದ ಹೆಸರು ಹೇಳಿದರೆ ಸಾಕು, ಐದು ತೆಗೆದುಕೊಡುತ್ತಾರೆ.

ಇನ್ನು ಸಾವು, ಪ್ರೀತಿ, ಮೈ ಕೊಯ್ದುಕೊಳ್ಳುವುದು, ಇಂಥ ವಿಷಯ ಬಂದರೆ ಏನು ಮಾಡುವುದು ಅಂತ ಎಲ್ಲರಿಗೂ ಭಯ. ನನಗೂ ಇತ್ತು. ಒಂದು ಪುಸ್ತಕವನ್ನು ಬೀರುವಿನ ಮೇಲೆ ಬಚ್ಚಿಟ್ಟೆ. ಅದೇ ಸಂಜೆ ಅವಳು ಲೈಬ್ರರಿಯ ಇ-ಪುಸ್ತಕ ಎರವಲು ಕೊಡುವ ಲಿಬಿ ಆ್ಯಪಿನಲ್ಲಿ ಲೈಬ್ರರಿ ಕಾರ್ಡು ಹಾಕಿ ಫೋನಿಗೇ ಇಳಿಸಿಕೊಂಡಿದ್ದಳು. ಈಗ ಅನುಮಾನ ಬಂದರೆ ನಾನೇ ಮೊದಲ 50 ಪುಟ ಓದುತ್ತೇನೆ. ಬೇಡ ಅನ್ನಿಸಿದರೆ ಯಾಕೆ ಅಂತ ಹೇಳುತ್ತೇನೆ. ಇಲ್ಲಿಯವರೆಗೆ ಬೇಡ ಅಂದದ್ದು ಒಂದೇ ಸಲ. ಒಪ್ಪಿದಳು.

ಪ್ರಶ್ನೆ ಕೇಳಿದವರಿಗೆ: ಮಗನಿಗೆ ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೊಟ್ಟು ನೋಡಿ. ಇಂಗ್ಲಿಷಿನಲ್ಲೇ ಇದೆ, ಅವನೇ ಓದಬಹುದು. 1935ರದ್ದಾದರೂ ಪರೀಕ್ಷೆ, ಕ್ರಿಕೆಟ್, ಗೆಳೆಯರ ಜಗಳ ಎಲ್ಲ ಇವತ್ತಿನದೇ. ಊರಿಗೆ ಹೋದಾಗ ಮೈಸೂರಿನ ಯಾದವಗಿರಿಯಲ್ಲಿ ಅವರ ಮನೆ ತೋರಿಸಿ, ಈಗ ಅದು ಮ್ಯೂಸಿಯಂ. ಅಮೆರಿಕಕ್ಕೆ ಬಂದ ಬಂಗಾಳಿ ಕುಟುಂಬದ ಕಾದಂಬರಿ, ಜುಂಪಾ ಲಾಹಿರಿಯವರ ‘ದ ನೇಮ್‌ಸೇಕ್’ ಅನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದು ಪ್ರಾಣ. ಆದರೆ ಮಗಳು ಅರ್ಧಕ್ಕೇ ಮುಚ್ಚಿ “ಅಮ್ಮಾ, ಇದು ನಿನ್ನ ಪುಸ್ತಕ” ಅಂದಳು. 17 ಆಗಲಿ ಅಂತ ಬಿಟ್ಟಿದ್ದೇನೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಬಾನು ಮುಷ್ತಾಕ್ ಅವರ ಕಥೆಗಳನ್ನು ಬರುವ ವರ್ಷಕ್ಕೆ ಇಟ್ಟುಕೊಂಡಿದ್ದೇನೆ. ಅವಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ಹಿಡಿಯಲಿ, ನಾನು ಕನ್ನಡ ಹಿಡಿಯುತ್ತೇನೆ. ಒಂದೇ ಕಥೆಯನ್ನು ಇಬ್ಬರೂ ಎರಡು ಭಾಷೆಯಲ್ಲಿ ಓದಿ ನೋಡಬೇಕು ಅಂತ ಆಸೆ.

ಈಗ ಅವಳ ಸರದಿ. 600 ಪುಟದ ಡ್ರ್ಯಾಗನ್ ಕಥೆ, ನಾನು 140ನೇ ಪುಟದಲ್ಲಿದ್ದೇನೆ. ಮುಂದಿನದಕ್ಕೆ, ಜೋರಾಗಿ ಓದಿ ಹೇಳಲು ಚೆನ್ನಾಗಿರುವ ಕನ್ನಡ ಪುಸ್ತಕ ನಿಮ್ಮ ಮನೆಯಲ್ಲಿ ಯಾವುದು ಒಗ್ಗಿದೆ ಅಂತ ತಿಳಿಸುತ್ತೀರಾ? 15 ದಾಟಿದ ಗಂಡುಮಕ್ಕಳಿಗೆ ಓದಿ ಹೇಳಿದವರಿದ್ದರೆ ಅವರೂ ಬರೆಯಿರಿ. ನಮ್ಮ ತಂಗಿ ಮಗ ಡಿಸೆಂಬರ್ ರಜಕ್ಕೆ ಬರುತ್ತಿದ್ದಾನೆ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.